ಆಫ್ ಆಗಿರುವ ಸರ್ವರ್‌ಗೆ ಹೊರಗಿನವರು ಕೈಹಾಕಬಹುದೇ?

"ಆಫ್ ಮಾಡಿದ ಕಂಪ್ಯೂಟರನ್ನು ಯಾರೂ ಹ್ಯಾಕ್ ಮಾಡಲಾರರು" ಎಂಬ ಸಲಹೆಯನ್ನು ನೀವೂ ಓದಿರಬಹುದು, ನಾಲ್ಕು ಗ್ರೂಪ್‌ಗೆ ಕಳುಹಿಸಿಯೂ ಇರಬಹುದು. ಮನೆಯ ಸಾಮಾನ್ಯ ಲ್ಯಾಪ್‌ಟಾಪ್ ಮಟ್ಟಿಗೆ ಇದು ಬಹುಪಾಲು ಸರಿ. ಆದರೆ ಕಾಲೇಜು, ಆಸ್ಪತ್ರೆ, ಬ್ಯಾಂಕುಗಳ ಎಸಿ ಕೋಣೆಯಲ್ಲಿ ಇಡುವ ಸರ್ವರ್‌ಗಳ ವಿಷಯದಲ್ಲಿ ಇದನ್ನು ನಂಬಬೇಡಿ.

ಕಾರಣ ಸರಳ. ಸರ್ವರ್‌ನ ಮದರ್‌ಬೋರ್ಡ್ ಮೇಲೆ ಇನ್ನೊಂದು ಪುಟ್ಟ ಕಂಪ್ಯೂಟರ್ ಕೂತಿರುತ್ತದೆ. ಅದರ ಹೆಸರು ಬೇಸ್‌ಬೋರ್ಡ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್, ಚಿಕ್ಕದಾಗಿ ಬಿಎಂಸಿ. ಡೆಲ್ ಇದನ್ನು ಐಡ್ರಾಕ್ ಎನ್ನುತ್ತದೆ, ಎಚ್‌ಪಿಇ ಐಎಲ್ಒ ಎನ್ನುತ್ತದೆ. ಇದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಸಾಫ್ಟ್‌ವೇರ್, ತನ್ನದೇ ಐಪಿ ವಿಳಾಸ. ಸರ್ವರ್ ಆಫ್ ಆಗಿದ್ದರೂ ಗೋಡೆಯ ಪ್ಲಗ್‌ನಿಂದ ಕರೆಂಟ್ ಬರುತ್ತಿರುವಷ್ಟು ಹೊತ್ತು ಇದು ಎಚ್ಚರವಾಗಿರುತ್ತದೆ. ಇದರ ಮೂಲಕ ಸರ್ವರನ್ನು ದೂರದಿಂದಲೇ ಆನ್-ಆಫ್ ಮಾಡಬಹುದು, ಪರದೆ ನೋಡಬಹುದು, ಆಪರೇಟಿಂಗ್ ಸಿಸ್ಟಮ್ ಅಳಿಸಿ ಹೊಸದಾಗಿ ಹಾಕಲೂಬಹುದು. ನಡುರಾತ್ರಿ ಹ್ಯಾಂಗ್ ಆದ ಯಂತ್ರಕ್ಕಾಗಿ ಎಂಜಿನಿಯರ್ ಊರಾಚೆಯ ಡೇಟಾ ಸೆಂಟರ್‌ಗೆ ಓಡಬೇಕಿಲ್ಲ. ಆದರೆ ಪಾಸ್‌ವರ್ಡ್ ಕಳ್ಳನ ಕೈಗೆ ಸಿಕ್ಕರೆ ಇದೇ ಅಧಿಕಾರ ಅವನದೂ ಆಗುತ್ತದೆ.

ಆ ಪಾಸ್‌ವರ್ಡ್ ಎಷ್ಟು ಗುಟ್ಟು?

ಹಳೆಯ ಡೆಲ್ ಸರ್ವರ್‌ಗಳಲ್ಲಿ ಕಂಪನಿಯಿಂದಲೇ ಬರುತ್ತಿದ್ದ ವಿಳಾಸ 192.168.0.120, ಬಳಕೆದಾರ ಹೆಸರು ರೂಟ್, ಪಾಸ್‌ವರ್ಡ್ ಕ್ಯಾಲ್ವಿನ್. ಇದು ಕೈಪಿಡಿಯಲ್ಲೇ ಅಚ್ಚಾಗಿರುವ ಸಂಗತಿ. ಈಗ ಪ್ರತಿ ಯಂತ್ರಕ್ಕೂ ಬೇರೆ ಪಾಸ್‌ವರ್ಡ್ ಇಟ್ಟು ಚೀಟಿ ಅಂಟಿಸಿ ಕಳುಹಿಸುವುದು ಹೆಚ್ಚು. ಹಳೆಯವು ಇನ್ನೂ ಕೆಲಸ ಮಾಡುತ್ತಿವೆ.

ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತೇ? ಇಲ್ಲ. ಬಿಎಂಸಿಗಳು ಬಳಸುವ ಐಪಿಎಂಐ 2.0 ಎಂಬ ಪದ್ಧತಿಯಲ್ಲೇ ಒಂದು ದೋಷವಿರುವುದು 2013ರಲ್ಲಿ ಬಯಲಾಯಿತು. ಲಾಗಿನ್ ಆಗುವ ಮೊದಲೇ, ಕೇಳಿದವರಿಗೆಲ್ಲ ಪಾಸ್‌ವರ್ಡ್‌ನ ಹ್ಯಾಶ್ ಅನ್ನು ಅದು ಕೊಟ್ಟುಬಿಡುತ್ತದೆ. ಅದನ್ನು ಒಯ್ದು ಬಿಡುವಾಗಿ ಕೂತು ಪಾಸ್‌ವರ್ಡ್ ಊಹಿಸಬಹುದು. 2017ರಲ್ಲಿ ಎಚ್‌ಪಿಇಯ ಐಎಲ್ಒ 4ರಲ್ಲಿ ಸಿಕ್ಕ ದೋಷ ಇನ್ನೂ ವಿಚಿತ್ರ: 29 ಬಾರಿ 'ಎ' ಅಕ್ಷರ ಕಳುಹಿಸಿದರೆ ಪಾಸ್‌ವರ್ಡೇ ಬೇಡ! ಹೊಸ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಐಪಿಎಂಐ ದೋಷ ಮಾತ್ರ ಪದ್ಧತಿಯ ಒಳಗೇ ಇರುವುದರಿಂದ ಅಪ್‌ಡೇಟ್‌ನಿಂದ ಹೋಗುವುದಿಲ್ಲ. ಬೇಡವಾದರೆ ನೆಟ್‌ವರ್ಕ್ ಮೂಲಕ ಐಪಿಎಂಐ ಬಳಕೆಯನ್ನೇ ಆಫ್ ಮಾಡಬೇಕು, ಬೇಕಾದರೆ ಉದ್ದದ ಪಾಸ್‌ವರ್ಡ್ ಇಟ್ಟು ಹೊರಗಿನಿಂದ ಯುಡಿಪಿ 623ನೇ ಪೋರ್ಟ್‌ಗೆ ದಾರಿ ಮುಚ್ಚಬೇಕು.

ಬಿಎಂಸಿಯನ್ನು ನೇರ ಇಂಟರ್ನೆಟ್‌ಗೆ ಒಡ್ಡದೆ ಪ್ರತ್ಯೇಕ ಒಳ ನೆಟ್‌ವರ್ಕ್‌ನಲ್ಲಿಟ್ಟು, ವಿಪಿಎನ್ ಮೂಲಕ ಮಾತ್ರ ತಲುಪುವಂತೆ ಮಾಡುವುದೇ ಸರಿಯಾದ ಕ್ರಮ. ಇಲ್ಲೊಂದು ಬಲೆ ಇದೆ. ಕೆಲವು ಸೂಪರ್‌ಮೈಕ್ರೋ ಬೋರ್ಡ್‌ಗಳಲ್ಲಿ 'ಫೇಲ್‌ಓವರ್' ಎಂಬ ಸೆಟ್ಟಿಂಗ್ ಇರುತ್ತದೆ. ಬಿಎಂಸಿಗೆಂದೇ ಇರುವ ಪೋರ್ಟ್‌ನಲ್ಲಿ ಕೇಬಲ್ ಇಲ್ಲದಿದ್ದರೆ ಅದು ಸದ್ದಿಲ್ಲದೆ ಸರ್ವರ್‌ನ ಮಾಮೂಲಿ ಪೋರ್ಟ್‌ಗೆ ಹೋಗಿ ಕೂರುತ್ತದೆ. ಕೇಬಲ್ ಹಾಕಿಲ್ಲ, ಹಾಗಾಗಿ ಭಯವಿಲ್ಲ ಎಂದುಕೊಂಡವರು ಮೋಸಹೋಗುವುದು ಇಲ್ಲೇ. 'ಡೆಡಿಕೇಟೆಡ್' ಎಂದು ಆಯ್ಕೆ ಮಾಡಿದರೆ ಈ ಕಾಟ ಇಲ್ಲ.

ಎಚ್ಚರಿಕೆಯ ಮೇಲ್ ಬರಲಿಲ್ಲ ಎಂದರೆ ಎಲ್ಲ ಸರಿಯಿದೆ ಎಂದೇ?

ಫ್ಯಾನ್ ನಿಂತರೆ, ಬಿಸಿ ಏರಿದರೆ, ಎರಡು ಪವರ್ ಸಪ್ಲೈಗಳಲ್ಲಿ ಒಂದು ಸತ್ತರೆ ಬಿಎಂಸಿ ಇಮೇಲ್ ಕಳುಹಿಸಬಲ್ಲದು. ಕಳುಹಿಸಬಲ್ಲದು ಅಷ್ಟೇ. ಪ್ರತ್ಯೇಕ ನೆಟ್‌ವರ್ಕ್‌ಗೆ ಹಾಕಿದ ಮೇಲೆ ಮೇಲ್ ಸರ್ವರ್‌ಗೂ ದಾರಿ ಮುಚ್ಚಿಹೋಗಿರಬಹುದು. ಗೇಟ್‌ವೇ ಅಥವಾ ಡಿಎನ್ಎಸ್ ವಿಳಾಸ ತುಂಬಿಲ್ಲದಿದ್ದರೂ ಅಷ್ಟೇ, ಮೇಲ್ ಹೊರಡುವುದೇ ಇಲ್ಲ. ಆಗ ಇನ್‌ಬಾಕ್ಸ್ ತಣ್ಣಗಿರುತ್ತದೆ, ಸರ್ವರ್ ಒಳಗೇ ಬೇಯುತ್ತಿರುತ್ತದೆ. ಫೈರ್‌ವಾಲ್‌ನಲ್ಲಿ ಮೇಲ್ ಸರ್ವರ್‌ಗೆ ಮಾತ್ರ ದಾರಿ ಬಿಟ್ಟು, ಸೆಟ್ಟಿಂಗ್ ಪುಟದಲ್ಲೇ ಇರುವ 'ಟೆಸ್ಟ್' ಬಟನ್ ಒತ್ತಿ, ಮೇಲ್ ನಿಜವಾಗಿ ಫೋನಿಗೆ ಬಂತೇ ಎಂದು ನೋಡಬೇಕು. ಕೋಣೆಗೆ ಕರೆಂಟೇ ಹೋದರೆ ಬಿಎಂಸಿಯೂ ಸಾಯುತ್ತದೆ. ಆ ಸುದ್ದಿಯನ್ನು ಯುಪಿಎಸ್ ಹೇಳಬೇಕು.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಿಎಂಸಿ ಇರುವುದಿಲ್ಲ. ಕಚೇರಿ ಕೊಟ್ಟ ಕೆಲವು ಯಂತ್ರಗಳಲ್ಲಿ ಇಂಟೆಲ್ ವಿಪ್ರೊ ಎಂಬ ಇದೇ ಬಗೆಯ ವ್ಯವಸ್ಥೆ ಇರುತ್ತದೆ, ಅದರ ಸೆಟ್ಟಿಂಗ್ ಕಚೇರಿಯ ಐಟಿ ವಿಭಾಗದ ಕೆಲಸ.