ಹರಿದುದನ್ನು ಹೊಲಿಯುವ ಕೈ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ನಾಂಪಲ್ಲಿ ಎಂದೊಡನೆ ನೆನಪಾಗುವುದು ರೈಲು ನಿಲ್ದಾಣ. ಆ ನಿಲ್ದಾಣದ ರಸ್ತೆಯಲ್ಲಿಯೇ ಸರೋಜಿನಿ ನಾಯ್ಡು ಅವರ ಮನೆ ‘ಗೋಲ್ಡನ್ ಥ್ರೆಶೋಲ್ಡ್’ ಇದೆ. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯವು ಮೊದಲ ಹೆಜ್ಜೆಯಿಟ್ಟದ್ದು ಈ ಕವಯಿತ್ರಿಯ ಮನೆಯಲ್ಲಿ. ಮುಂದೆ ಗಚ್ಚಿಬೌಲಿಗೆ ಸಾಗಿದ ಆ ವಿಶ್ವವಿದ್ಯಾಲಯದಲ್ಲಿ ಕಲ್ಲೂರಿ ಸುಬ್ಬರಾವ್ ಅವರು, ಮುಪ್ಪಾಗುವ ಮೆದುಳು ತನ್ನ ಡಿಎನ್‌ಎಯನ್ನು ಹೇಗೆ ದುರಸ್ತಿ ಮಾಡಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಬಹುಕಾಲ ಬೆನ್ನಟ್ಟಿದರು.

ದೇಹದ ತೂಕದಲ್ಲಿ ಮೆದುಳಿನ ಪಾಲು ಶೇ. 2ರಷ್ಟು, ಅದು ಬಳಸುವ ಆಮ್ಲಜನಕವಾದರೋ ಸುಮಾರು ಶೇ. 20. ಆ ದಹನದ ಕಿಡಿಗಳು ಡಿಎನ್‌ಎಯನ್ನು ದಿನವೂ ಘಾಸಿಗೊಳಿಸುತ್ತವೆ. ನರಕೋಶಗಳು ಒಡೆದು ಹೊಸದಾಗುವುದು ಅಪರೂಪ. ಹಳೆಯದನ್ನೇ ತೇಪೆ ಹಾಕಿ ಬಾಳಬೇಕು. ನಮ್ಮ ಅಜ್ಜಿಯರು ಕೌದಿಯನ್ನು ಸರಿಪಡಿಸಿದಂತೆಯೇ ಇದು: ಕೆಟ್ಟ ತುಂಡನ್ನು ಕತ್ತರಿಸುವುದು, ಹೊಸದನ್ನು ತುಂಬುವುದು, ಅಂಚನ್ನು ಹೊಲಿಯುವುದು. ಮುದಿ ಇಲಿಗಳ ನರಕೋಶಗಳಲ್ಲಿ ತುಂಬುವ, ಹೊಲಿಯುವ ಕಿಣ್ವಗಳು ಕುಗ್ಗಿರುವುದನ್ನೂ, ಅವನ್ನು ಹೊರಗಿನಿಂದ ಒದಗಿಸಿದರೆ ಪ್ರಯೋಗನಳಿಕೆಯಲ್ಲಿ ದುರಸ್ತಿ ಚೇತರಿಸುವುದನ್ನೂ ಸುಬ್ಬರಾವ್ ಅವರ ತಂಡ ಕಂಡುಕೊಂಡಿತು.

ಈ ಕೈ ಹುಟ್ಟಿನಿಂದಲೇ ಸೋತಿದ್ದರೆ? ಬಿಸಿಲಿಗೆ ಚರ್ಮ ಬೇಯುವ, ಕೆಲವರಲ್ಲಿ ನರಗಳೂ ಕ್ಷಯಿಸುವ ಝೆರೋಡರ್ಮಾ ಪಿಗ್ಮೆಂಟೋಸಂ ಎಂಬ ಕಾಯಿಲೆಯ ಮೂಲ ದುರಸ್ತಿಯ ದೋಷವೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ನಡೆಯಲು ಕಲಿತ ಮಗು ತೂರಾಡತೊಡಗುವ ಅಟಾಕ್ಸಿಯಾ ಟೆಲಂಜಿಯೆಕ್ಟೇಸಿಯಾದ ವಂಶವಾಹಿಯನ್ನು 1995ರಲ್ಲಿ ಇಸ್ರೇಲಿನ ಯೋಸೆಫ್ ಶಿಲೋ ಅವರ ತಂಡ ಗುರುತಿಸಿತು. ಕ್ಯಾನ್ಸರಿಗೆ ಕೊಡುವ ವಿಕಿರಣದ ಸಾಮಾನ್ಯ ಪ್ರಮಾಣವೂ ಈ ಮಕ್ಕಳ ಪ್ರಾಣಕ್ಕೆ ಮುಳುವಾಗಬಲ್ಲದು. ಆದುದರಿಂದ ರೋಗಕ್ಕೆ ಹೆಸರಿಡುವುದೂ ರಕ್ಷಣೆಯೇ.

ಇಲ್ಲಿ ನಾಂಪಲ್ಲಿ ಮತ್ತೆ ಕಥೆಯೊಳಗೆ ಬರುತ್ತದೆ. ಅಪರಾಧ ಪ್ರಕರಣಗಳ ಸುದ್ದಿಯಿಂದ ಪರಿಚಿತವಾದ ಡಿಎನ್‌ಎ ಬೆರಳಚ್ಚು ಮತ್ತು ರೋಗನಿದಾನ ಕೇಂದ್ರವು, ಉಪ್ಪಲ್‌ಗೆ ಸ್ಥಳಾಂತರಗೊಳ್ಳುವ ಮೊದಲು, ಇಲ್ಲಿನ ಗೃಹಕಲ್ಪ ಕಟ್ಟಡದಲ್ಲಿತ್ತು. ವಂಶಪಾರಂಪರ್ಯ ರೋಗಗಳ ಪರೀಕ್ಷೆಯೂ ಅದರ ಕೆಲಸ. ಮೇಲೆ ಹೇಳಿದ ಎರಡು ಕಾಯಿಲೆಗಳೂ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಮಗುವಿಗೆ ಸೇರಬೇಕು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ರೂಢಿಯಲ್ಲಿ ಆ ಸಂಭವ ಹೆಚ್ಚು. ಆದರೂ ‘ಆಕೆಯ ಹೊಟ್ಟೆಯ ದೋಷ’ ಎಂದು ತಾಯಿಯೊಬ್ಬಳನ್ನೇ ಹಳಿಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ.

ಈ ರೋಗಗಳನ್ನು ಬುಡಸಹಿತ ಕೀಳುವ ಮದ್ದು ಇನ್ನೂ ಬಂದಿಲ್ಲ. ಆದರೆ ಆ ಹಳೆಯ ಆರೋಪವನ್ನು ಅಳಿಸಲು ಮದ್ದು ಬೇಕಾಗಿಲ್ಲ. ಈಗಾಗಲೇ ಗೊತ್ತಿರುವ ಸತ್ಯವನ್ನು ನಮ್ಮ ನುಡಿಯಲ್ಲಿ, ನಮ್ಮ ಮನೆಗಳಲ್ಲಿ ಆಡಿದರೆ ಸಾಕು.