ಸೀಟು ತುಂಬಿದ ಮೇಲೆ

ಗೋಕಾಕ, ಮೂಡಲಗಿ, ಹುಕ್ಕೇರಿ: ಈ ಮೂರೂ ಪೇಟೆಗಳನ್ನು ರೈಲು ಬದಿಗಿಟ್ಟೇ ಹೋಯಿತು. 19ನೆಯ ಶತಮಾನದ ಕೊನೆಗೆ ಮೀರಜ–ಲೋಂಡಾ ಮಾರ್ಗ ಬಂದಾಗ ಗೋಕಾಕಕ್ಕೆ ದಕ್ಕಿದ್ದು ‘ಗೋಕಾಕ ರೋಡ’ ಎಂಬ ನಿಲ್ದಾಣ. ಊರು ಇನ್ನೂ ದೂರವಿದೆ, ಇಳಿದವರು ತಮ್ಮ ದಾರಿ ನೋಡಿಕೊಳ್ಳಬೇಕು ಎಂದು ಆ ಹೆಸರೇ ಹೇಳುತ್ತದೆ. ಹೀಗೆ ಬಾಡಿಗೆ ಗಾಡಿ ನಮ್ಮಲ್ಲಿ ಮೊದಲಿನಿಂದಲೂ ಶೋಕಿಯಲ್ಲ, ಗರಜು. ಟಾಂಗಾ ಹೋಯಿತು, ಟ್ರ್ಯಾಕ್ಸ್ ಬಂತು, ಟಂಟಂ ಬಂತು.

ಬಾಡಿಗೆಯಲ್ಲಿ ಎರಡು ಬಗೆ. ಇಡೀ ಗಾಡಿ ಹಿಡಿದರೆ ‘ಸ್ಪೆಷಲ್’. ಅದು ಮದುವೆಗೆ, ದವಾಖಾನೆಗೆ. ಉಳಿದದ್ದು ಸೀಟಿನ ಲೆಕ್ಕ. “ಇನ್ನೊಂದ ಸೀಟ, ಬರ್ರಿ ಕಾಕಾ, ಬಿಟ್ಟ ಬಿಡತೇನಿ” ಎಂದು ಚಾಲಕ ಕೂಗುತ್ತಾನೆ. ನಾಲ್ಕು ಮಂದಿ ಹತ್ತಿದರೂ ಆ ಒಂದು ಸೀಟು ಉಳಿದೇ ಇರುತ್ತದೆ! ಗಾಡಿ ತುಂಬದೆ ಹೊರಡುವುದಿಲ್ಲ. ನಾವು ಕಾಯ್ದ ಹೊತ್ತೇ ದರವನ್ನು ಅಗ್ಗವಾಗಿಟ್ಟಿತು.

ಕಾನೂನಿಗೆ ಇದು ಒಗ್ಗದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ಯಾಕ್ಸಿಯನ್ನು ಇಡಿಯಾಗಿ ಗೊತ್ತುಮಾಡಬೇಕು. ದಾರಿಯಲ್ಲಿ ಜನರನ್ನು ಹತ್ತಿಸಿ ಇಳಿಸಿ ತಲೆಗಿಷ್ಟು ಎಂದು ವಸೂಲು ಮಾಡುವುದು ಬಸ್ಸಿನ ಕೆಲಸ. ಬೆಂಗಳೂರಿಗೆ 2013ರಲ್ಲಿ ಊಬರ್ ಬಂತು. 2015ರಲ್ಲಿ ಓಲಾ, ಊಬರ್ ಎರಡೂ ಒಂದೇ ಕಾರಿನಲ್ಲಿ ಬೇರೆಬೇರೆಯವರನ್ನು ಕೂಡ್ರಿಸತೊಡಗಿದಾಗ ಪತ್ರಿಕೆಗಳಿಗೆ ಅದು ಹೊಸ ಸಂಗತಿ. ನಮ್ಮ ಕಡೆಯವರಿಗೆ ಹಳೆಯ ಟ್ರ್ಯಾಕ್ಸ್. 2017ರ ಆರಂಭದಲ್ಲಿ ಸಾರಿಗೆ ಇಲಾಖೆ ಅದನ್ನು ನಿಲ್ಲಿಸಿರೆಂದಿತು. ಹಳ್ಳಿಯ ಟ್ರ್ಯಾಕ್ಸಿಗೆ ತೊಡಕಾದ ಕಲಮೇ ನಗರದ ಕಾರಿಗೂ ತೊಡಕಾಯಿತು.

ಆದರೆ ಸೀಟಿನ ಲೆಕ್ಕ ಹಗಲಿನದು. ರಾತ್ರಿ ಎರಡು ಗಂಟೆಗೆ ಹೆರಿಗೆ ಬೇನೆ ಶುರುವಾದರೆ ಗಾಡಿ ತುಂಬುವವರೆಗೆ ಯಾರು ಕಾಯುತ್ತಾರೆ? ಆಗ ಗಾಡಿಯವನ ಮನೆಯ ಕದ ಬಡಿಯಬೇಕು. ಪರಿಚಯವಿದ್ದವನಿಗೆ ಗಾಡಿ ಎದ್ದು ಬರುತ್ತಿತ್ತು. ಇಲ್ಲದವನು ಮೊದಲು ಮಾತು ನಡೆಯುವ ಹಿರಿಯರನ್ನು ಎಬ್ಬಿಸಬೇಕಿತ್ತು. ಗಾಡಿ ಇದೆಯೇ ಎಂಬುದಕ್ಕಿಂತ ನೀನು ಯಾರ ಪೈಕಿ ಎಂಬುದೇ ದೊಡ್ಡ ಪ್ರಶ್ನೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಶುರುವಾದಾಗ ಬದಲಾದದ್ದು ಇದು: ಆ ಸಂಖ್ಯೆ ಕುಲವನ್ನೂ ಕೇಳುವುದಿಲ್ಲ, ವಶೀಲಿಯನ್ನೂ ಕೇಳುವುದಿಲ್ಲ. ನಗರದ ಆ್ಯಪಿನ ದೊಡ್ಡ ಗುಣವೂ ಅದೇ. ಗಿರಾಕಿ ಹೆಚ್ಚಾದಾಗ ದರ ಏರಿಸುವುದು ಅದರ ದೋಷ.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಒಳ್ಳೆಯದೇ ಆಯಿತು. ಆದರೆ ಬಸ್ಸಿಲ್ಲದ ಹಳ್ಳಿಗೆ, ಬಸ್ಸಿಲ್ಲದ ಹೊತ್ತಿಗೆ ಇನ್ನೂ ಬೇಕಾದದ್ದು ಆ ಸೀಟಿನ ಗಾಡಿಯೇ. ಅದನ್ನು ಕಳ್ಳಗಾಡಿ ಎಂದು ಹಳಿಯುವ ಬದಲು ಪರವಾನಗಿ ಕೊಟ್ಟು, ಇಂತಿಷ್ಟೇ ಜನ, ಇಂತಿಷ್ಟೇ ದರ ಎಂದು ಗೊತ್ತುಪಡಿಸಬಾರದೇಕೆ? ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ನಿಂತ ಗಾಡಿಗಳನ್ನು ಎಣಿಸಿದರೆ ಊರಿಗೆ ಗಾಡಿ ಸಿಗುತ್ತದೆಂದು ಅರ್ಥವಲ್ಲ. ನಡುರಾತ್ರಿ, ಯಾರ ಪರಿಚಯವೂ ಇಲ್ಲದ ಮನೆಯ ಮುಂದೆ ಒಂದು ಗಾಡಿ ಬಂದು ನಿಂತರೆ, ಆಗ ಸಿಗುತ್ತದೆ ಎನ್ನಬೇಕು.