ಟೋಪಿಯ ಗರಿ, ಮರದ ಹಕ್ಕಿ

1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ತರುಣ ನ್ಯೂಯಾರ್ಕಿನ ಅಂಗಡಿ ಬೀದಿಗಳಲ್ಲಿ ಎರಡು ಮಧ್ಯಾಹ್ನ ಸುತ್ತಾಡಿ, ಎದುರಾದ ಹೆಂಗಸರ ಟೋಪಿಗಳನ್ನು ಎಣಿಸಿದರು. 700 ಟೋಪಿಗಳಲ್ಲಿ 542ರ ಮೇಲೆ ಗರಿಗಳಿದ್ದವು, ಕೆಲವುಗಳ ಮೇಲೆ ಇಡೀ ಹಕ್ಕಿಯೇ ಕೂತಿತ್ತು. ಅವುಗಳಲ್ಲಿ 40 ಹಕ್ಕಿ ಜಾತಿಗಳನ್ನು ಅವರು ಗುರುತಿಸಿದರು. ಗರಿಯನ್ನು ಬಲ್ಲವರೆಂದರೆ ಆಗ ಮುಖ್ಯವಾಗಿ ಇಬ್ಬರು: ಟೋಪಿ ವ್ಯಾಪಾರಿ ಮತ್ತು ಬಂದೂಕು ಹಿಡಿದ ಪಕ್ಷಿತಜ್ಞ. ಇಬ್ಬರ ಕೈಗೂ ಹಕ್ಕಿ ಬರುತ್ತಿದ್ದದ್ದು ಸತ್ತ ಮೇಲೆಯೇ. ಬೆಳ್ಳಕ್ಕಿಯ ನವಿರು ಗರಿ ಮೂಡುವುದು ಮರಿ ಮಾಡುವ ಕಾಲದಲ್ಲಾದ್ದರಿಂದ, ಆ ಗರಿಗಾಗಿ ಕೊಂದ ಪ್ರತಿ ಹಕ್ಕಿಯ ಹಿಂದೆ ಗೂಡಿನಲ್ಲಿ ಹಸಿದು ಸಾಯುವ ಮರಿಗಳೂ ಇರುತ್ತಿದ್ದವು. ಈ ವ್ಯಾಪಾರಕ್ಕೆ ನಮ್ಮ ದೇಶದ ಹಕ್ಕಿಗಳೂ ಬಲಿಯಾದವು. ಭಾರತದಿಂದ ಕಾಡುಹಕ್ಕಿಗಳ ಗರಿ, ಚರ್ಮಗಳ ರಫ್ತಿಗೆ ತಡೆ ಬಿದ್ದದ್ದು 1902ರಲ್ಲಿ. ಇಂಥ ಕಾಲದಲ್ಲಿ, ಬದುಕಿರುವ ಹಕ್ಕಿಯನ್ನು ಅದರ ಬಣ್ಣ, ನಡವಳಿಕೆಗಳಿಂದಲೇ ಗುರುತಿಸಬಹುದು ಎಂಬ ವಿಶ್ವಾಸ ಬೆಳೆದದ್ದರಲ್ಲಿ ಕಾಡಿಗಿಂತ ನಗರದ ಉದ್ಯಾನದ ಪಾಲೇ ದೊಡ್ಡದು ಎಂಬುದು ನನ್ನ ವಾದ.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ 843 ಎಕರೆಯ ಹಸಿರು. ಸುತ್ತಲೂ ಕಟ್ಟಡಗಳೇ ತುಂಬಿರುವುದರಿಂದ, ಅಟ್ಲಾಂಟಿಕ್ ಕರಾವಳಿಯ ಗುಂಟ ರಾತ್ರಿ ಹಾರಿ ಬರುವ ವಲಸೆ ಹಕ್ಕಿಗಳು ಬೆಳಗಿನ ಹೊತ್ತಿಗೆ ಇಲ್ಲಿಯೇ ಇಳಿಯುತ್ತವೆ. ಮೇ ತಿಂಗಳಲ್ಲಿ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗಳು ತುಂಬು ಬಣ್ಣದಲ್ಲಿ ಬರುತ್ತವೆ. ಶರತ್ಕಾಲದಲ್ಲಿ ಅವುಗಳಲ್ಲಿ ಹಲವು ಮಾಸಲು ಹಸಿರು ಹೊದ್ದು ಮರಳುತ್ತವೆ. ಜನ ಅಡ್ಡಾಡುವ ತೋಟದಲ್ಲಿ ಗುಂಡು ಹಾರಿಸುವುದು ಸಲ್ಲದು. ಹಾಗಾಗಿ ನೋಡುಗರು ಕಣ್ಣನ್ನೇ ಪಳಗಿಸಿಕೊಳ್ಳಬೇಕಾಯಿತು. 1889ರಲ್ಲಿ ಫ್ಲಾರೆನ್ಸ್ ಮೆರಿಯಮ್ ಹೊಸ ನೋಡುಗರಿಗೆಂದು ಬರೆದ ಪುಸ್ತಕದ ಹೆಸರಿನಲ್ಲೇ ನಾಟಕ ನೋಡುವ ದುರ್ಬೀನು ಇದೆ. 1900ರ ಕ್ರಿಸ್‌ಮಸ್ ದಿನ ಚಾಪ್‌ಮನ್ ರೂಢಿಯಲ್ಲಿದ್ದ ಬೇಟೆಯ ಪಂದ್ಯಕ್ಕೆ ಬದಲಾಗಿ ಹಕ್ಕಿ ಎಣಿಕೆಯ ಪದ್ಧತಿ ಆರಂಭಿಸಿದರು. ಆ ವರ್ಷ ಹಕ್ಕಿ ಎಣಿಸಿದ 25 ತಾಣಗಳಲ್ಲಿ ಈ ಉದ್ಯಾನವೂ ಒಂದು. 1923ರಲ್ಲಿ ಲಡ್ಲೋ ಗ್ರಿಸ್ಕಮ್ ನ್ಯೂಯಾರ್ಕ್ ಪ್ರದೇಶದ ಹಕ್ಕಿಗಳ ಪುಸ್ತಕ ತಂದರು. ಅದನ್ನು ಓದಿ ಪಳಗಿದ ಗೆಳೆಯರ ಗುಂಪಿನಿಂದ ಬಂದ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ಪ್ರಕಟಿಸಿದ ಕೈಪಿಡಿ, ದೂರದಿಂದ ಕಾಣುವ ಗುರುತುಗಳನ್ನು ಪುಟ್ಟ ಗೆರೆಗಳಿಂದ ತೋರಿಸಿಕೊಟ್ಟಿತು.

ಈ ಜ್ಞಾನಕ್ಕೆ ಬುನಾದಿ ಹಾಕಿದ್ದು ವಸ್ತುಸಂಗ್ರಹಾಲಯದ ಒಣಚರ್ಮಗಳಲ್ಲವೇ ಎಂದು ಕೇಳಬಹುದು. ನಿಜ, ಆ ಋಣ ದೊಡ್ಡದು. ಚಾಪ್‌ಮನ್ ಆಮೇಲೆ ದುಡಿದ ಸಂಗ್ರಹಾಲಯ ಇದೇ ಉದ್ಯಾನದ ಪಕ್ಕದಲ್ಲಿದೆ. ಆದರೆ ಕಪಾಟಿನ ಚರ್ಮದಲ್ಲಿ ಕಾಲಿನ ಬಣ್ಣ ಮಸುಕಾಗುತ್ತದೆ, ನಡವಳಿಕೆಯಂತೂ ಪೂರ್ತಿ ಅಳಿದುಹೋಗಿರುತ್ತದೆ. ರೆಡ್‌ಸ್ಟಾರ್ಟ್ ಎಂಬ ಹಕ್ಕಿ ಬಾಲವನ್ನು ಬೀಸಣಿಗೆಯಂತೆ ಬಿಚ್ಚುವುದು, ಕಪ್ಪು-ಬಿಳಿ ವಾರ್ಬ್ಲರ್ ಕಾಂಡದ ಮೇಲೆ ಹರಿದಾಡುವುದು, ಪಾಮ್ ವಾರ್ಬ್ಲರ್ ಬಾಲ ಅಲ್ಲಾಡಿಸುತ್ತಲೇ ಇರುವುದು, ಇವೆಲ್ಲ ಬದುಕಿದ ಹಕ್ಕಿಯಲ್ಲಿ ಮಾತ್ರ ಕಾಣುವ ಗುರುತುಗಳು. ಬಣ್ಣ ಮಾಸಿದ ಕಾಲದಲ್ಲಿ ಹೆಚ್ಚು ನೆರವಾಗುವವೂ ಇವೇ.

ಉದ್ಯಾನ ಕೃತಕ, ಅಲ್ಲಿನ ಹಕ್ಕಿಗಳೂ ಅಷ್ಟೇ ಎಂಬ ಆಕ್ಷೇಪಕ್ಕೂ ಆಧಾರವಿದೆ. ಯೂಜೀನ್ ಶೀಫೆಲಿನ್ ಎಂಬವರು 1890ರಲ್ಲಿ ಯುರೋಪಿನ ಸುಮಾರು 60 ಸ್ಟಾರ್ಲಿಂಗ್ ಹಕ್ಕಿಗಳನ್ನು ತಂದು ಬಿಟ್ಟದ್ದು ಇಲ್ಲಿಯೇ. ಆದರೆ ವಲಸೆ ಹಕ್ಕಿಗಳನ್ನು ಯಾರೂ ತಂದು ಬಿಟ್ಟಿಲ್ಲ. ಹಸಿವು, ದಣಿವುಗಳೇ ಅವನ್ನು ಇಳಿಸಿದವು. ಅಲ್ಲದೆ ಒಂದೇ ಹಕ್ಕಿಯನ್ನು ವರ್ಷಾನುಗಟ್ಟಲೆ ನೂರಾರು ಕಣ್ಣುಗಳು ಹಿಂಬಾಲಿಸುವ ಅವಕಾಶ ಕಾಡಿನಲ್ಲಿ ತೀರಾ ಅಪರೂಪ. 1990ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದ ಕೆಂಪು ಬಾಲದ ಗಿಡುಗವೊಂದರ ತಲೆ ಅಸಾಮಾನ್ಯವಾಗಿ ತಿಳಿಯಾಗಿತ್ತು. ಆ ಗರಿಯ ಬಣ್ಣದಿಂದಲೇ ಅದನ್ನು ಬೇರೆ ಗಿಡುಗಗಳಿಂದ ಬೇರ್ಪಡಿಸಿ ನೋಡಲು ಸಾಧ್ಯವಾಯಿತು, ‘ಪೇಲ್ ಮೇಲ್’ ಎಂಬ ಹೆಸರೂ ಬಂತು. ಮರ ಬಿಟ್ಟು ಫಿಫ್ತ್ ಅವೆನ್ಯೂದ ಬಹುಮಹಡಿ ಕಟ್ಟಡದಲ್ಲಿ ಗೂಡು ಕಟ್ಟಿ ಅದು ಮರಿ ಮಾಡಿದ್ದನ್ನು ನೋಡುಗರು ಋತು ಋತುವೂ ದಾಖಲಿಸಿದರು. 2004ರ ಡಿಸೆಂಬರಿನಲ್ಲಿ ಆ ಗೂಡನ್ನು ಕಿತ್ತುಹಾಕಿದಾಗ ಜನ ರಸ್ತೆಗಿಳಿದು ಪ್ರತಿಭಟಿಸಿದರು. ಅದೇ ತಿಂಗಳು ಗೂಡು ಕಟ್ಟುವ ಆಸರೆಯನ್ನು ಅಲ್ಲಿ ಮತ್ತೆ ಕೂರಿಸಬೇಕಾಯಿತು.